ಎಲ್ಸ್‌ನೊಳಗೆ ನಿಂತವರು

ನಮ್ಮ ಕಂಪ್ಯೂಟರ್ ಮೇಡಂ ಅವರ ಬಲ ಮೊಣಕೈ ಸದಾ ಸುಣ್ಣ ಬಳಿದಂತೆ ಬೆಳ್ಳಗಿರುತ್ತಿತ್ತು. ಬರದ ವರ್ಷಗಳು. ಹಲಗೆ ಒರೆಸುವ ಬಟ್ಟೆ ತೊಳೆಯಲು ಯಾರು ನೀರು ಹಾಳು ಮಾಡುತ್ತಾರೆ ಎಂದುಕೊಂಡು, ಬರೆದದ್ದನ್ನು ಮೊಣಕೈಯಿಂದಲೇ ಒರೆಸುತ್ತಿದ್ದರು. ಸೆರಗಿಗೆ ಸೀಮೆಸುಣ್ಣ ತಾಗಿದರೆ ಮಾತ್ರ ಮುಖ ಕಿವುಚುತ್ತಿದ್ದರು, ಅದನ್ನು ಒಗೆಯಬೇಕಲ್ಲ.

ಮಗಳು ಶಾಲೆಗೆ ಹೋದ ಮೇಲೆ ಹೊತ್ತು ಹೋಗದೆ ನಾನು ಭಾಲ್ಕಿಯ ಸ್ಟೇಷನ್ ರಸ್ತೆಯ ಆ ಕ್ಲಾಸಿಗೆ ಸೇರಿದ್ದೆ. ಬೀದರಿನ ಕಾನ್ವೆಂಟಿನಲ್ಲಿ ಓದಿದವಳು. ವೆಬ್‌ಪುಟ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ ಇರುವುದು ಇಂಗ್ಲಿಷಿನಲ್ಲೇ ಅಲ್ಲವೇ ಎಂಬ ಧೈರ್ಯ. ಮೇಡಂ ನಕ್ಕರು.

"ಕಾನ್ವೆಂಟ್ ಅಕ್ಕಾರ, ಇಫ್ ಅಂದ್ರ ಏನಂತ ನಿಮಗ ಗೊತ್ತದ. ಕಂಪ್ಯೂಟರ್‌ಗ ಖರೇ, ಸುಳ್ಳು ಎರಡೇ ತಿಳಿತಾವ. ಥೇಟ್ ನಮ್ಮ ಅತ್ತಿ ಹಂಗ."

ಆಮೇಲೆ ಪಾಠ. "ಟ್ಯಾಂಕರ್ ಬಂದದ ಮತ್ತ ಕೊಡ ಖಾಲಿ ಅದ. ಎರಡೂ ಖರೇ ಇದ್ರ ಓಡ್ರಿ. ಇದು ಆ್ಯಂಡ್. ನಳ ಬಂದದ ಇಲ್ಲಾ ಟ್ಯಾಂಕರ್ ಬಂದದ. ಒಂದು ಖರೇ ಇದ್ರೂ ಕೊಡ ತುಂಬ್ತದ. ಇದು ಆರ್." ಹೀಗೆಂದು ಆರ್‌ನ ಎರಡು ನೆಟ್ಟನೆ ಗೀಟು ಎಳೆಯುತ್ತಿದ್ದರು. ಷರತ್ತು ಸುಳ್ಳಾದಾಗ ಹೋಗಿ ಬೀಳುವ ಜಾಗ ಎಲ್ಸ್. ನಾವು ಏನೇ ಬರೆದು ತೋರಿಸಿದರೂ ಅವರ ಬೆರಳು ಮೊದಲು ಅಲ್ಲಿಗೇ ಹೋಗುತ್ತಿತ್ತು. "ಎಲ್ಸ್‌ನಾಗ ಯಾರ್ ನಿಂತಾರ? ಮೊದಲ ಅವರ ಮಾರಿ ನೋಡ್ರಿ."

ಆ ವರ್ಷ ಔರಾದಿನ ಬಸ್ಸುಗಳು ಹಾಸಿಗೆ, ಪಾತ್ರೆಗಳ ಗಂಟು ಹೊತ್ತು ಹೈದರಾಬಾದಿಗೆ ಹೋಗುತ್ತಿದ್ದವು. ದುಡಿಯಲು ಹೋದವರ ಮಕ್ಕಳಿಗೆಂದು ಒಂದು ಟ್ರಸ್ಟಿನವರು ವಸತಿನಿಲಯ ತೆರೆದರು. ಅದರ ಅರ್ಜಿಯ ವೆಬ್‌ಪುಟ ಮಾಡುವ ಕೆಲಸ ನಮ್ಮ ಕ್ಲಾಸಿಗೆ ಬಂತು. ಅವರ ಷರತ್ತು: ತಂದೆ ದುಡಿಯಲು ಹೋಗಿರಬೇಕು ಮತ್ತು ತಾಯಿಯೂ ಹೋಗಿರಬೇಕು. ಮೇಡಂ ಮೊದಲ ಭಾಗಕ್ಕೆ ಆವರಣ ಹಾಕಿ, ಒಳಗೆ ಎರಡು ಗೀಟು ಎಳೆದು ಸೇರಿಸಿದರು: ಅಥವಾ ತಂದೆ ತೀರಿಕೊಂಡಿರಬೇಕು.

ಕ್ಲಾಸಿನ ಮಾಲೀಕರು ಸಿಡುಕಿದರು. "ಅವರು ಕೇಳಿಲ್ಲ, ನೀವ್ಯಾಕ ಹಚ್ತೀರಿ?"

"ಇಲ್ಲಾಂದ್ರ ಗಂಡ ಸತ್ತವರ ಮಕ್ಕಳು ಎಲ್ಸ್‌ನಾಗ ಬೀಳ್ತಾರ್ರಿ."

"ಬೀಳಲಿ ಬಿಡ್ರಿ. ಸೀಟೇ ಕಡಿಮಿ ಅವ."

ಆ ತುಂಡನ್ನು ಮಾಲೀಕರೇ ಅಳಿಸಿ ಪುಟವನ್ನು ಟ್ರಸ್ಟಿಗೆ ಒಪ್ಪಿಸಿದರು.

ಅರ್ಜಿ ತುಂಬಿಕೊಡುವ ಕೆಲಸಕ್ಕೆ ನನ್ನನ್ನು ಕೂರಿಸಿದ್ದರು. ಹೈದರಾಬಾದಿಗೆ ದುಡಿಯಲು ಹೊರಟಿದ್ದ ಔರಾದಿನ ಕಡೆಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಎರಡು ಜಡೆಗೂ ಬೇರೆ ಬೇರೆ ಬಣ್ಣದ ರಿಬ್ಬನ್. ತಂದೆ ದುಡಿಯಲು ಹೋಗಿದ್ದಾರೆಯೇ? "ಸತ್ತು ವರ್ಷ ಆತ್ರಿ," ಎಂದಳು ತಾಯಿ. 'ಇಲ್ಲ' ಒತ್ತಿದೆ. ಕೆಂಪಕ್ಷರ ಮೂಡಿತು. ತಾಯಿಗೆ ಓದು ಬಾರದು. ಹುಡುಗಿಯೇ ಕೂಡಿಸಿ ಕೂಡಿಸಿ, ಓದಲು ಬಂತೆಂಬ ಖುಷಿಯಲ್ಲಿ, ಓದಿದಳು. "ಅರ್-ಹ-ರಲ್ಲ ಅಂತದವ್ವ."

"ಸತ್ತವನ್ನ ಎಲ್ಲಿಂದ ದುಡಿಲಿಕ್ಕ ಕಳಸ್ಲಿರಿ?"

"ಕಂಪ್ಯೂಟರ್ ಹೇಳ್ತದವ್ವ, ನನ್ನ ಕೈಯಾಗ ಏನದ?" ಎಂದರು ಮಾಲೀಕರು.

ಮೇಡಂ ಸೀಮೆಸುಣ್ಣ ಕೆಳಗಿಟ್ಟರು. "ಕಂಪ್ಯೂಟರ್ ಹೇಳಿಲ್ರಿ. ನೀವು ಹೇಳೀರಿ, ಅದು ಒದರ್ಲಿಕ್ಕತ್ತದ."

ತಾಯಿ-ಮಗಳಿಬ್ಬರನ್ನೂ ಮೇಡಂ ಟ್ರಸ್ಟಿನ ಕಚೇರಿಗೆ ಕರೆದೊಯ್ದು ಸಂಜೆವರೆಗೂ ಕೂತರು. ಒಳಗೆ ಕರೆಯಲೇ ಇಲ್ಲವಂತೆ. ಹುಡುಗಿ ತಾಯಿಯ ಜೊತೆ ಹೈದರಾಬಾದಿನ ಬಸ್ಸು ಹತ್ತಿದಳು, ಕಟ್ಟಡದ ಕೆಲಸಕ್ಕೆ. ಮೇಡಂ ಮತ್ತೆ ಕ್ಲಾಸಿಗೆ ಬರಲಿಲ್ಲ. ಹಲಬರ್ಗಾ ಊರಿನ ತಮ್ಮ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ಉಳಿದರು. ಆ ಮಕ್ಕಳೂ ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಕೆಲವು ವರ್ಷಗಳ ಮೇಲೆ ಕಾಮಾಲೆಯಿಂದ ಮೇಡಂ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಯಲ್ಲಿ ಮಾಲೀಕರು ಕಣ್ಣೊರೆಸಿಕೊಂಡರು. ಟ್ರಸ್ಟಿನವರು ದೊಡ್ಡ ಹಾರ ತಂದಿದ್ದರು. ಬಡಮಕ್ಕಳಿಗಾಗಿ ಈ ಪುಟ ಕಟ್ಟಿಕೊಟ್ಟ ಮಹಾತಾಯಿ ಎಂದರು, ಅವರ ಹೆಸರನ್ನು ಅದರಲ್ಲೇ ಶಾಶ್ವತ ಮಾಡುವುದಾಗಿ ಘೋಷಿಸಿದರು. ಚಪ್ಪಾಳೆ ಬಿತ್ತು.

ನನಗೆ ಬರುವ ನಾಲ್ಕಕ್ಷರ ಕೋಡಿಂಗ್ ಮೇಡಂ ಕಲಿಸಿದ್ದೇ. ಏನು ಬರೆದರೂ ಮೊದಲು ಎಲ್ಸ್ ನೋಡುತ್ತೇನೆ. ಬಸ್ಸು ತುಂಬುವ ಕಾಲ ಬಂದಾಗಲೆಲ್ಲ ಆ ಪುಟವನ್ನೂ ತೆರೆಯುತ್ತೇನೆ. ತಂದೆ ದುಡಿಯಲು ಹೋಗಿದ್ದಾರೆಯೇ? ಇಲ್ಲ. ತಾಯಿ? ಹೌದು. ಕೆಂಪಕ್ಷರದಲ್ಲಿ 'ಅರ್ಹರಲ್ಲ' ಎಂದು ಬರುತ್ತದೆ. ಅದರ ಕೆಳಗೆ, ಹೂವಿನ ಚಿತ್ರದ ನಡುವೆ, ನಮ್ಮ ಮೇಡಂ ಹೆಸರು.