ಪಾರ್ಕಿಂಗ್ ಕಟ್ಟಡದಲ್ಲಿ ಕಿಲಿಮಂಜಾರೋ

ಡಲ್ಲಾಸ್ ಕಡೆ ಇದ್ದುಕೊಂಡು ಪರ್ವತ ಹತ್ತಲು ತಯಾರಿ ಮಾಡುವುದೆಂದರೆ ಬಚ್ಚಲುಮನೆಯಲ್ಲಿ ಈಜು ಕಲಿತ ಹಾಗೆ. ನಾವಿರುವ ಮೆಕಿನ್ನಿಯಲ್ಲಿ ನೆಲ ಎಷ್ಟು ಚಪ್ಪಟೆ ಅಂದರೆ, ಕಾರಿನಿಂದ ಸಾಮಾನು ಇಳಿಸುವಾಗ ಕೈಜಾರಿ ಬಿದ್ದ ಟೊಮೇಟೊ ಕೂಡ ಉರುಳಿ ಹೋಗುವುದಿಲ್ಲ, ಬಿದ್ದಲ್ಲೇ ಕೂತಿರುತ್ತದೆ. ಇಲ್ಲಿ ಅತಿ ಎತ್ತರದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ, ಹೆದ್ದಾರಿಗಳು ಅಂತಸ್ತಿನ ಮೇಲೆ ಅಂತಸ್ತು ಕಟ್ಟಿಕೊಂಡು ಹಾಯುವ ಫ್ಲೈಓವರನ್ನೇ ತೋರಿಸಬೇಕು. ಅಂಥ ಊರಿನಲ್ಲಿ ಕೂತು, ಐವತ್ತು ದಾಟಿದ ನಾನು, ಕಿಲಿಮಂಜಾರೋ ಹತ್ತುತ್ತೇನೆಂದು ಹೆಸರು ಕೊಟ್ಟುಬಿಟ್ಟೆ.

ನನಗೇನು ಬೆಟ್ಟದ ಹುಚ್ಚಿರಲಿಲ್ಲ. ಕಾರಣ ನನ್ನ ಮಗಳು. ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಬೇಸಿಗೆ ಮುಗಿಯುತ್ತಿದ್ದಂತೆ ಆಸ್ಟಿನ್‌ಗೆ ಕಾಲೇಜಿಗೆ ಹೊರಡುವವಳು. ಒಂದೇ ಮನೆಯಲ್ಲಿದ್ದರೂ ಊಟಕ್ಕೆ ಕರೆಯಬೇಕಾದರೆ ಫೋನಿನಲ್ಲಿ ಮೆಸೇಜ್ ಕಳಿಸಬೇಕಿತ್ತು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಒಂದೊಂದೇ ಪದ: ಫೈನ್, ಓಕೆ, ವಾಟೆವರ್. ನಮ್ಮ ಕಡೆಯ ಕೆಲವರು ಆ ಬೇಸಿಗೆಗೆ ಹೊರಡಿಸಿದ್ದ ಈ ಟ್ರೆಕ್ಕಿಗೆ ಅವಳು ಸೇರಿಕೊಂಡಳು ಎಂದು ತಿಳಿದ ದಿನ ನಾನು ಲೆಕ್ಕ ಹಾಕಿದೆ. ಬೆಟ್ಟದ ಮೇಲೆ ವೈಫೈ ಇಲ್ಲ. ಬಾಗಿಲು ಹಾಕಿಕೊಳ್ಳಲು ರೂಮಿಲ್ಲ. ನನ್ನ ಜೊತೆ ಮಾತಾಡದೆ ಎಲ್ಲಿಗೆ ಹೋಗುತ್ತಾಳೆ, ನೋಡೇಬಿಡೋಣ!

"ನೀನಾ?" ಎಂದರು ನನ್ನ ಯಜಮಾನರು. "ಇಂಡಿಯನ್ ಸ್ಟೋರಿಗೆ ಹೋದ್ರೆ ಎರಡನೇ ಸಾಲಿಗೆ ಬರೋಷ್ಟರಲ್ಲಿ ಕಾರ್ಟ್ ಮೇಲೆ ಒರಗಿಕೊಂಡು ನಿಂತಿರ್ತೀಯ. ನೀನು ಆಫ್ರಿಕಾದಲ್ಲಿ ಬೆಟ್ಟ ಹತ್ತೋದಾ?"

"ನೀವೂ ಬನ್ನಿ."

"ನಾನು ಫೋಟೋ ನೋಡ್ತೀನಿ ಬಿಡು," ಎಂದು ಕಾಫಿ ಲೋಟ ಹಿಡಿದುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು.

ನಮ್ಮ ಗುಂಪಿನ ಮುಖಂಡರು ನಮ್ಮ ಮನೆಯಿಂದ ಮೂರು ರಸ್ತೆ ಆಚೆ ಇರುವ ಹುಬ್ಬಳ್ಳಿಯವರು. ಗ್ರಾನೈಟ್ ವ್ಯಾಪಾರಿ, ದೊಡ್ಡ ದನಿ, ದೊಡ್ಡ ಮನಸ್ಸು. ಉಳಿದವರು ಪ್ಲೇನೋ ಕಡೆಯ ಸಾಫ್ಟ್‌ವೇರ್ ಜನ, ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಪ್ರಾಕ್ಟೀಸಿಗೆ ಗುಡ್ಡ ಎಲ್ಲಿಂದ ತರುವುದು ಎಂದು ನಾವೆಲ್ಲ ತಲೆ ಕೆರೆದುಕೊಳ್ಳುತ್ತಿದ್ದಾಗ ಅವರೇ ದಾರಿ ತೋರಿಸಿದರು. "ಗುಡ್ಡ ಇಲ್ಲಂದ್ರ ಏನಾತ್ರೀ? ನಿಮ್ಮ ಆಫೀಸಿನ್ಯಾಗ ಅಷ್ಟು ದೊಡ್ಡ ಪಾರ್ಕಿಂಗ್ ಬಿಲ್ಡಿಂಗ್ ಐತಲ್ರೀ!"

ಹಾಗಾಗಿ ಪ್ರತಿ ಶನಿವಾರ ಬೆಳಗ್ಗೆ ಪ್ಲೇನೋದ ನಮ್ಮ ಆಫೀಸಿನ ಖಾಲಿ ಬಹುಮಹಡಿ ಪಾರ್ಕಿಂಗ್ ಕಟ್ಟಡದ ಮೆಟ್ಟಿಲುಗಳೇ ನಮ್ಮ ಕಿಲಿಮಂಜಾರೋ. ಬೆನ್ನಿಗೆ ಭಾರ ಬೇಕಲ್ಲ, ಅದಕ್ಕೆ ಎಲ್ಲರ ಬ್ಯಾಗಿನಲ್ಲೂ ಸೋನಾ ಮಸೂರಿ ಅಕ್ಕಿಯ ಚೀಲ. ನನ್ನ ಚೀಲ ಮಾತ್ರ ವಾರವಾರಕ್ಕೂ ಹಗುರವಾಗುತ್ತಿತ್ತು. ಮನೆಯಲ್ಲಿ ಅಕ್ಕಿ ಮುಗಿದರೆ ನಾನು ಇನ್ನೇನು ಮಾಡಲಿ? "ಟ್ರೇನಿಂಗ್ ಅಕ್ಕೀಲೇ ಬಿಸಿಬೇಳೆಬಾತ್ ಮಾಡಿದ್ಯಾ?" ಎಂದು ಯಜಮಾನರು ಎರಡನೇ ಸಲ ಬಡಿಸಿಕೊಳ್ಳುತ್ತಾ ಕೇಳುತ್ತಿದ್ದರು. ಒಂದು ದಿನ ಅಲ್ಲಿನ ಸೆಕ್ಯುರಿಟಿಯವನು ತನ್ನ ಪುಟ್ಟ ಗಾಡಿಯಲ್ಲಿ ಬಂದು, ಬೆವರು ಸುರಿಸುತ್ತಾ ಅಕ್ಕಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ನಮ್ಮನ್ನು ನೋಡಿ, ಲಿಫ್ಟ್ ಕೆಟ್ಟಿದೆಯೇ ಎಂದು ವಿಚಾರಿಸಿದ. ಪಾಪ, ಅವನ ತಪ್ಪೇನೂ ಇಲ್ಲ.

ಲಿಫ್ಟ್ ಕೆಟ್ಟಿರಲಿಲ್ಲ. ನಾವು ಅದನ್ನು ಬಳಸುತ್ತಲೂ ಇದ್ದೆವು, ಇಳಿಯುವುದಕ್ಕೆ. ಇಳಿಯುವಾಗ ಮಂಡಿ ಸವೆಯುತ್ತದೆ ಎಂದು ಗುಂಪಿನಲ್ಲಿ ಯಾರೋ ಎಲ್ಲೋ ಓದಿದ್ದರು. ಜೊತೆಗೆ, ಲಿಫ್ಟಿನಲ್ಲಿ ಇಳಿದರೆ ಅದೇ ಹೊತ್ತಿನಲ್ಲಿ ಇನ್ನಷ್ಟು ಸುತ್ತು ಹತ್ತಬಹುದು. ಸಾಫ್ಟ್‌ವೇರ್ ಜನ, ಆಪ್ಟಿಮೈಸ್ ಮಾಡದೆ ಬಿಡುತ್ತಾರೆಯೇ! "ಹತ್ತೂದು ನಾವು, ಇಳಸೂದು ಲಿಫ್ಟು. ಮುಗೀತಲ್ರೀ," ಎಂದರು ಹುಬ್ಬಳ್ಳಿಯವರು. ಎಲ್ಲರೂ ತಲೆಯಾಡಿಸಿದರು.

ನಾನೊಬ್ಬಳು ಮೆಟ್ಟಿಲಲ್ಲೇ ಇಳಿಯುತ್ತಿದ್ದೆ. ದೊಡ್ಡ ಜ್ಞಾನದಿಂದೇನಲ್ಲ, ಹೆದರಿಕೆಯಿಂದ. ಮದುವೆಯಾದ ಹೊಸತರಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ಲಿಫ್ಟಿನಲ್ಲಿ, ಕೈಯಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಹಿಡಿದುಕೊಂಡು, ಒಂದೇ ಸಮನೆ ಸೀನುತ್ತಿದ್ದ ಅಪರಿಚಿತರೊಬ್ಬರ ಜೊತೆ, ಕರೆಂಟ್ ಹೋಗಿ ಸಿಕ್ಕಿಹಾಕಿಕೊಂಡಿದ್ದೆ. ಕರೆಂಟ್ ಬರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅವತ್ತಿನಿಂದ ಲಿಫ್ಟಿಗೂ ನನಗೂ ಎಣ್ಣೆ ಸೀಗೆಕಾಯಿ.

ಹೀಗಾಗಿ ನಾನು ಅಕ್ಕಿ ಹೊತ್ತು ಒಂದೊಂದೇ ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಉಳಿದವರು ಕೆಳಗೆ ಬಂದು, ನೀರು ಕುಡಿದು, ಮತ್ತೆ ಹತ್ತುತ್ತಾ ಎದುರಾಗುತ್ತಿದ್ದರು. "ಆಂಟೀ, ಇನ್ನೂ ಇಳೀತಾನೇ ಇದೀರಾ?" ಸುತ್ತುಗಳನ್ನು ಎಣಿಸುವ ಆ್ಯಪ್‌ನಲ್ಲಿ ನನ್ನ ಹೆಸರು ಸದಾ ತಳದಲ್ಲಿ. ಮಗಳು ಎಲ್ಲರಿಗಿಂತ ಮುಂದೆ. ಮೇಲೆ ತಲುಪಿ ಲಿಫ್ಟಿನೊಳಗೆ ನಿಂತು, ಬಾಗಿಲು ಮುಚ್ಚಿಕೊಳ್ಳುವ ಹೊತ್ತಿಗೆ ಕೈಯಾಡಿಸಿ, "ಸೀ ಯೂ ಡೌನ್‌ಸ್ಟೇರ್ಸ್, ಮಾಮ್," ಎನ್ನುತ್ತಿದ್ದಳು. ಜೊತೆಯಾಗಿ ನಡೆಯಬೇಕೆಂದು ಸೇರಿಕೊಂಡವಳು ನಾನು. ನನ್ನ ಪಾಲಿಗೆ ಸಿಕ್ಕಿದ್ದು ಮುಚ್ಚುವ ಬಾಗಿಲು.

ಮಾರ್ಚಿನಲ್ಲಿ ಒಂದು ದಿನ ಎಲ್ಲರೂ ಹ್ಯೂಸ್ಟನ್‌ಗೆ ಹೋದೆವು. ನಮ್ಮನ್ನು ಕರೆದೊಯ್ಯಲಿದ್ದ ಗೈಡ್ ಇರುವುದು ಅಲ್ಲಿ. ಸುಮಾರು ನನ್ನದೇ ವಯಸ್ಸಿನ ಅಮೆರಿಕನ್ ಹೆಂಗಸು. ಒಣಕಲು ಮೈ, ಬಿಸಿಲಿಗೆ ಕಂದಿದ ಮುಖ, ಮಾತು ಬಲು ಕಮ್ಮಿ. ಹ್ಯೂಸ್ಟನ್ನಿನ ಗಾಳಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಬಡಿಯುತ್ತಿತ್ತು. ಆಕೆ ತನ್ನ ಗ್ಯಾರೇಜಿನಲ್ಲಿ ಒಬ್ಬೊಬ್ಬರ ಬ್ಯಾಗನ್ನೂ ಬಿಚ್ಚಿಸಿ ನೋಡಿದಳು. ನನ್ನದರಿಂದ ಚಕ್ಕುಲಿ ಡಬ್ಬ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಹೊರಬಂದವು. ಒಂದು ಪುಟ್ಟ ಕುಕ್ಕರ್ ಕೂಡ ಇತ್ತು. ಆಕೆ ಅದನ್ನು ಎತ್ತಿ ಹಿಡಿದು, ಸೀಟಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ, ಪಕ್ಕಕ್ಕಿಟ್ಟಳು. ಚಟ್ನಿಪುಡಿಯನ್ನು ಮಾತ್ರ ಮೂಸಿ ನೋಡಿ ವಾಪಸ್ ಬ್ಯಾಗಿಗೆ ಹಾಕಿದಳು. ಹೆಂಗಸು ಪರವಾಗಿಲ್ಲ ಅನ್ನಿಸಿತು.

ಕೊನೆಗೆ ಯಾರಿಗಾದರೂ ಪ್ರಶ್ನೆಯಿದೆಯೇ ಎಂದಳು. ನನ್ನ ಮಗಳು ಕೈಯೆತ್ತಿದಳು. ಅಮ್ಮನಿಗೆ ಹತ್ತಲು ಆಗದಿದ್ದರೆ ಅವಳು ಕೆಳಗೆ ಹೋಟೆಲಿನಲ್ಲೇ ಇರಬಹುದೇ ಎಂದು ಎಲ್ಲರೆದುರಿಗೆ ಕೇಳಿದಳು!

ನನಗೆ ಮೈಯೆಲ್ಲ ಉರಿದುಹೋಯಿತು. ಹುಬ್ಬಳ್ಳಿಯವರು ತಕ್ಷಣ ತಮ್ಮ ಶೂ ಲೇಸ್ ಕಟ್ಟಿಕೊಳ್ಳತೊಡಗಿದರು. ಗೈಡ್ ನನ್ನನ್ನು ಒಮ್ಮೆ ನೋಡಿ, ಯಾರು ಬೆಟ್ಟಕ್ಕೆ, ಯಾರು ಹೋಟೆಲಿಗೆ ಎಂಬುದನ್ನು ಆಸ್ಟಿನ್ನಿನಲ್ಲಿ ನಡೆಸುವ ಪರೀಕ್ಷೆಯ ದಿನ ತಾನೇ ಹೇಳುತ್ತೇನೆ ಎಂದಳು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ನಾನು ಸುಮ್ಮನಿರುವುದು ಎಷ್ಟು ಅಪರೂಪವೆಂದರೆ ಮಗಳೇ ಇಯರ್‌ಫೋನ್ ತೆಗೆದು, "ಆರ್ ಯೂ ಮ್ಯಾಡ್?" ಎಂದು ಕೇಳಿದಳು, ಕೋಪವಾ ಅಂತ.

"ಫೈನ್," ಎಂದೆ. ಅವಳ ಮಾತನ್ನು ಅವಳಿಗೇ ಕೊಟ್ಟೆ. ಆದರೆ ಒಳಗೆ ಸಂಕಟ. ಎಲ್ಲೋ ಒಂದು ಹೋಟೆಲಿನಲ್ಲಿ ಕಿಟಕಿ ಪಕ್ಕ ಕೂತು ನಾನು, ಅಲ್ಲೆಲ್ಲೋ ಮೋಡದಾಚೆ ಅವಳು. ಅಲ್ಲಿಂದ ಬಂದು ಸೂಟ್‌ಕೇಸ್ ತುಂಬಿಸಿಕೊಂಡು ಆಸ್ಟಿನ್‌ಗೆ ಹೊರಟುಬಿಡುತ್ತಾಳೆ. ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಪರೀಕ್ಷೆಗೆ ಹೋದಾಗ ಹೆದ್ದಾರಿಯ ಅಂಚಿನಲ್ಲೆಲ್ಲ ನೀಲಿ ಹೂಗಳು ಅರಳಿದ್ದವು. ಮಕ್ಕಳನ್ನು ಹೂವಿನ ಮಧ್ಯೆ ಕೂರಿಸಿ ಫೋಟೋ ತೆಗೆಯುವವರ ಸಾಲೇ ಇತ್ತು. ನನ್ನ ಮಗಳದೂ ಅಂಥದ್ದೊಂದು ಫೋಟೋ ಫ್ರಿಜ್ ಮೇಲಿದೆ. ಆಸ್ಟಿನ್ನಿನ ಪಶ್ಚಿಮಕ್ಕೆ, ಸುಣ್ಣಕಲ್ಲಿನ ಗುಡ್ಡವೊಂದರ ಕೆಳಗೆ, ತೊರೆಯ ಪಕ್ಕ ಗೈಡ್ ಕಾಯುತ್ತಿದ್ದಳು. ನಿಯಮ ಸರಳ. ಅದೇ ಅಕ್ಕಿ ಚೀಲ ಹೊತ್ತು ಮೇಲೆ ಹತ್ತಬೇಕು, ಕೆಳಗೆ ಇಳಿಯಬೇಕು, ಮತ್ತೆ ಹತ್ತಬೇಕು, ಮತ್ತೆ ಇಳಿಯಬೇಕು. ಆಕೆ ಸಾಕು ಎನ್ನುವವರೆಗೆ.

ಹತ್ತುವಾಗ ಎಲ್ಲರೂ ಮೇಕೆಗಳ ಹಾಗೆ ನೆಗೆದುಕೊಂಡು ಹೋದರು. ನಾನು ಮಾಮೂಲಿನಂತೆ ಕೊನೆಗೆ. ನಾನು ಮೇಲೆ ಮುಟ್ಟಿದಾಗ ಅವರೆಲ್ಲ ಬಾದಾಮಿ ತಿಂದು ಮುಗಿಸಿ ಇಳಿಯಲು ಹೊರಟಿದ್ದರು. ಹೋಟೆಲೇ ಗತಿ ಎಂದುಕೊಂಡೆ.

ಎರಡನೇ ಸಲ ಇಳಿಯುವಾಗ ಅದು ಶುರುವಾಯಿತು. ದಾರಿಯ ತುಂಬ ಕಾಲಿಟ್ಟರೆ ಜಾರುವ ಸಡಿಲ ಕಲ್ಲು. ಮುಂದೆ ಹೋಗಿದ್ದ ಹುಬ್ಬಳ್ಳಿಯವರು ಹಠಾತ್ತನೆ ಕೂತುಬಿಟ್ಟಿದ್ದರು. "ಅಯ್ಯಯ್ಯ, ಇದೇನ್ರೀ ಇದು! ಕಾಲು ನನ್ನ ಮಾತು ಕೇಳವಲ್ವು!" ಕೂತಲ್ಲಿಂದಲೇ ಕೂಸಿನಂತೆ ಜಾರಿಕೊಂಡು ಹೊರಟರು. ಅವರ ಪಕ್ಕದಲ್ಲೇ ನಮ್ಮ ಆಪ್ಟಿಮೈಸ್ ಪಂಡಿತರು, ಇಬ್ಬರು ಒಬ್ಬರನ್ನೊಬ್ಬರು ಹಿಡಿದುಕೊಂಡು, ತೊಡೆ ಗಡಗಡ ನಡುಗಿಸುತ್ತಾ ನಿಂತಿದ್ದರು. ನನ್ನ ಮಂಡಿಗೆ ಮಾತ್ರ ಏನೂ ಆಗಿರಲಿಲ್ಲ. ಶನಿವಾರ ಶನಿವಾರ ಮಾಡಿದ ಕೆಲಸವನ್ನೇ ಅದು ಮಾಡುತ್ತಿತ್ತು. ಮೈ ತುಸು ಓರೆ, ಮಂಡಿ ತುಸು ಮಡಿಚು, ಕಾಲು ಊರಿದ ಮೇಲೆ ಭಾರ. ಒಂದಾದ ಮೇಲೆ ಒಂದು.

ಅರ್ಧ ದಾರಿಯಲ್ಲಿ ಮಗಳು ಸಿಕ್ಕಳು. ಒಂದು ಕುರುಚಲು ಮರವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಐ ಕಾಂಟ್," ಎಂದಳು.

ಹೋಟೆಲಿನ ಮಾತು ನಾಲಗೆಯ ತುದಿಗೆ ಬಂತು. ಆದರೆ ಅವಳ ಕಾಲು ನಡುಗುತ್ತಿದ್ದುದನ್ನು ನೋಡಿ ನುಂಗಿಕೊಂಡೆ. "ನನ್ನ ಬ್ಯಾಗ್ ಹಿಡ್ಕೋ," ಎಂದೆ. "ನಾನು ಎಲ್ಲಿ ಕಾಲಿಡ್ತೀನೋ ಅಲ್ಲೇ ಇಡು. ದೂರ ನೋಡ್ಬೇಡ, ನನ್ನ ಶೂ ನೋಡು."

ಹಿಡಿದುಕೊಂಡಳು. ಅವಳ ನಡುಕ ಅಕ್ಕಿ ಚೀಲದ ಮೂಲಕ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಅವಳ ಗಮನ ಬೇರೆಡೆಗೆ ಹೋಗಲೆಂದು ನಾನು ಬಾಯಿಗೆ ಬಂದದ್ದೆಲ್ಲ ಹೇಳುತ್ತಾ ಹೋದೆ. ಬೆಂಗಳೂರಿನ ಲಿಫ್ಟು, ಕತ್ತಲೆ, ಸೀನುವ ಮನುಷ್ಯ. ಅವಳಿಗೆ ಈ ಕಥೆ ಗೊತ್ತೇ ಇರಲಿಲ್ಲ! ಲಿಫ್ಟ್ ಎಂದರೆ ನನಗೆ ಸುಮ್ಮನೆ ಆಗದು ಎಂದುಕೊಂಡಿದ್ದಳಂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ನಗು ಕೇಳಿಸಿತು.

"ವಾಟ್ ಹ್ಯಾಪನ್ಡ್ ಟು ದ ಮೆಂತ್ಯ?"

"ಇನ್ನೇನಾಗತ್ತೆ? ಮನೆಗೆ ತಂದು ಪಲ್ಯ ಮಾಡ್ದೆ."

ಕೆಳಗೆ ತೊರೆಯ ಹತ್ತಿರ ಗೈಡ್ ಎಲ್ಲರನ್ನೂ ಕೂರಿಸಿದಳು. ಎಲ್ಲಿ ಪ್ರಾಕ್ಟೀಸ್ ಮಾಡಿದಿರಿ ಎಂದು ಕೇಳಿದಳು. ಹುಬ್ಬಳ್ಳಿಯವರೇ ಪ್ಯಾಂಟಿನ ಹಿಂಬದಿ ಕೊಡವಿಕೊಳ್ಳುತ್ತಾ ಲಿಫ್ಟಿನ ವಿಷಯ ಒಪ್ಪಿಸಿದರು. ಆಕೆ ಮೊದಲ ಸಲ ನಕ್ಕಳು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಹೇಳಿದಳು: ಯಾರನ್ನು ಬೇಕಾದರೂ ನಾನು ನಿಧಾನವಾಗಿ ಹತ್ತಿಸಬಲ್ಲೆ, ಆದರೆ ಕಿಲಿಮಂಜಾರೋದಲ್ಲಿ ಲಿಫ್ಟ್ ಇಲ್ಲ, ದಣಿದ ಕಾಲಲ್ಲೇ ಇಳಿಯಬೇಕು. ಎಲ್ಲರೂ ಬನ್ನಿ, ಅಲ್ಲಿಯವರೆಗೆ ಇಳಿಯುವುದನ್ನು ಕಲಿಯಿರಿ. ಇಳಿಯುವ ದಿನ ಸಾಲಿನಲ್ಲಿ ಮೊದಲು ಈಕೆ, ಎಂದು ನನ್ನತ್ತ ಬೆರಳು ತೋರಿಸಿದಳು.

ಕಾರಿನಲ್ಲಿ ಮಗಳು ಕಿಟಕಿಯಾಚೆ ನೋಡುತ್ತಾ ಇಂಗ್ಲಿಷಿನಲ್ಲೇ ಮೆಲ್ಲಗೆ ಹೇಳಿದಳು, ಹೋಟೆಲಿನ ಮಾತು ನೀನು ಬಿದ್ದು ಏನಾದರೂ ಮಾಡಿಕೊಂಡರೆ ಅಂತ ಕೇಳಿದ್ದು ಎಂದು. ಹೆದರಿಕೆ ನನಗೊಬ್ಬಳಿಗೇ ಅಲ್ಲ ಎಂಬುದು ನನಗೆ ಆಗಲೇ ಗೊತ್ತಾಗಿದ್ದು. ಬೆಳಗ್ಗೆ ಕಟ್ಟಿಕೊಂಡು ಬಂದು ಒಣಗಿಹೋಗಿದ್ದ ಪುಳಿಯೋಗರೆಯ ಡಬ್ಬವನ್ನು ಅವಳ ಕೈಗಿಟ್ಟೆ. ಪೂರ್ತಿ ತಿಂದಳು.

ಮುಂದಿನ ಶನಿವಾರ ಮತ್ತೆ ಪಾರ್ಕಿಂಗ್ ಕಟ್ಟಡ. ನಾನು ಏದುಸಿರು ಬಿಡುತ್ತಾ ಮೇಲಿನ ಮಹಡಿ ಮುಟ್ಟುವಷ್ಟರಲ್ಲಿ ಉಳಿದವರೆಲ್ಲ ಗೊಣಗುತ್ತಾ ಮೆಟ್ಟಿಲಿಳಿದು ಹೋಗಿದ್ದರು. ಲಿಫ್ಟ್ ಬಾಗಿಲು ತೆರೆದು, ಯಾರೂ ಇಲ್ಲದೆ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಮಗಳು ಮೆಟ್ಟಿಲ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಕಿವಿಯಲ್ಲಿ ಇಯರ್‌ಫೋನ್ ಇರಲಿಲ್ಲ.

"ಅಮ್ಮ, ನೀನ್ ಮುಂದೆ ನಡಿ," ಎಂದಳು. "ನಾನ್ ಹಿಂದೆ ಬರ್ತೀನಿ. ಆದ್ರೆ ನೀನು ಮಾತಾಡ್ತಾ ಇರ್ಬೇಕು."

ಹೇಳಲು ನನ್ನಲ್ಲಿ ಎಷ್ಟೋ ಮಾತಿತ್ತು. ಆದರೂ "ಓಕೆ," ಎಂದಷ್ಟೇ ಅಂದೆ. ಅವಳ ಕೈ ನನ್ನ ಬೆನ್ನ ಮೇಲಿನ ಅಕ್ಕಿ ಚೀಲದ ಮೇಲೆ ಬಂತು. ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ.