ಎಲೆಗೆ ಅಡ್ಡ ಹಿಡಿದ ಕೈ

ಇದನ್ನು ಹೇಳದೆ ಮುಂದೂಡುತ್ತಲೇ ಬಂದೆ. ಈಗ ಪಾದಗಳಿಗೆ ನೆಲದ ತಂಪೂ ತಿಳಿಯುತ್ತಿಲ್ಲ. ಇನ್ನು ತಡ ಮಾಡಿ ಫಲವಿಲ್ಲ.

ಸೊಪ್ಪು ಬಿಡಿಸಿ ಬಿಡಿಸಿ ನನ್ನ ಸೊಸೆಯ ಹೆಬ್ಬೆರಳ ತುದಿ ಸದಾ ಹಸಿರಾಗಿರುತ್ತಿತ್ತು. ಹರಿಹರದಿಂದ ಅವಳು ನಿಟ್ಟುವಳ್ಳಿಯ ನಮ್ಮ ಮನೆ ತುಂಬಿದ ಮರುವರ್ಷವೇ ನನ್ನ ರಕ್ತದಲ್ಲಿ ಸಕ್ಕರೆ ಕೊಂಚ ಏರಿರುವುದು ಗೊತ್ತಾಯಿತು. ಮಾತ್ರೆ ಈಗಲೇ ಬೇಡ, ಊಟ ಬದಲಿಸಿ, ದಿನಾ ನಡೆಯಿರಿ ಎಂದರು ಡಾಕ್ಟರು. ಅದನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡವಳು ಅವಳು. ಮೊದಲು ಪಲ್ಯ, ಕೋಸಂಬರಿ, ಆಮೇಲೆ ರೊಟ್ಟಿ, ಅನ್ನ ಕೊನೆಗೆ ಒಂದು ಹಿಡಿ. ಊಟವಾದೊಡನೆ ನನ್ನ ಚಪ್ಪಲಿಗಳನ್ನು ಬೀದಿಯ ಕಡೆಗೆ ತಿರುಗಿಸಿ ಇಡುವಳು. ನಾನು ನಡೆಯುವ ನೆಪದಲ್ಲಿ ಮಂಡಕ್ಕಿ ಮಿರ್ಚಿ ತಿಂದು ಬಂದರೆ ಬೈಯುತ್ತಿರಲಿಲ್ಲ.

"ಮಾವ, ಮೀಸೆ ಒರೆಸ್ಕಳ್ರಿ, ಮಿರ್ಚಿ ಅಂಟೈತೆ," ಎಂದು ನಗುವಳು.

ಸಕ್ಕರೆ ಇಳಿಯತೊಡಗಿತ್ತು.

ಒಮ್ಮೆ ಉಕ್ಕಡಗಾತ್ರಿ ಕ್ಷೇತ್ರಕ್ಕೆ ಹೋಗಿ ಬರುವಾಗ ಅವಳ ತವರಿನಲ್ಲಿ ಊಟಕ್ಕೆ ಕೂತೆವು. ಅವಳ ತಂದೆ, ನನ್ನ ಬೀಗರು, ಮೆದು ಮನುಷ್ಯ. ತಾವೇ ಬಡಿಸುತ್ತಾ ಬಂದು ನನಗೆ ಎರಡನೇ ಹೋಳಿಗೆ ಹಾಕಲು ಬಗ್ಗಿದರು. ಸೊಸೆ ಹಿಂದಿನಿಂದ ಬಂದು ನನ್ನ ಎಲೆಗೆ ಕೈ ಅಡ್ಡ ಹಿಡಿದಳು. ಪಂಕ್ತಿಯಲ್ಲಿ ಯಾರೋ ನಕ್ಕರು. ನನಗೆ ಮೈ ಉರಿದುಹೋಯಿತು.

"ನೋಡ್ರಿ ಬೀಗ್ರೆ, ನಿಮ್ ಮಗಳು ಮನ್ಯಾಗೂ ಹಿಂಗೆ. ನನಗೆ ಹೊಟ್ಟೆ ತುಂಬ ಹಾಕಲ್ಲ."

ಬೀಗರು ತಟ್ಟೆ ಕೆಳಗಿಟ್ಟು ಕೈ ಮುಗಿದರು. "ತಪ್ಪಾತ್ರಿ. ನಾವು ಅಕೀನ ಹಂಗೆ ಬೆಳೆಸಿಲ್ಲ."

ಆಮೇಲೆ ಅವರು ಹಾಕಿದಷ್ಟೂ ತಿಂದೆ. ಅವಳ ಮುಖ ನೋಡಲಿಲ್ಲ.

ಅಂದಿನಿಂದ ನಾನು ಕೇಳಿದ್ದನ್ನೆಲ್ಲ ಬಡಿಸಿದಳು. ಬೇಕು ಬೇಡ ಎನ್ನಲಿಲ್ಲ. ನನ್ನನ್ನು ನಾನೇ ತಡೆಯಲು ನನ್ನಿಂದ ಆಗಲಿಲ್ಲ. ಮಾತ್ರೆ ಬಂತು, ಈಗ ಇನ್ಸುಲಿನ್. ಸೂಜಿ ಹಾಕುವವಳೂ ಅವಳೇ. ಬೀಗರು ನಮ್ಮಲ್ಲಿಗೆ ಬಂದಾಗಲೆಲ್ಲ ಮಗಳನ್ನು ಅಡುಗೆಮನೆಗೆ ಕರೆದು, ವಯಸ್ಸಾದವರಿಗೆ ಸರಿಯಾಗಿ ಊಟಕ್ಕೆ ಹಾಕವ್ವಾ ಎಂದು ಬೇಡಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೂತೇ ಇರುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು.

ಮೊನ್ನೆ ಸೂಜಿ ಹಾಕುವಾಗ, ಅವತ್ತು ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯಿತು ತಾಯಿ ಎಂದೆ. ಅವಳು ಹತ್ತಿ ಒತ್ತಿ ಹಿಡಿದಳು.

"ನನ್ ಮುಂದೆ ಅಂದ್ರೆ ಏನ್ ಬಂತ್ರಿ ಮಾವ. ನಮ್ಮಪ್ಪ ಅದನ್ನ ನಿಜ ಅನ್ಕಂಡೇ ಹೋದ."

ನಾನು ಕ್ಷಮೆ ಕೇಳದೆ ಉಳಿದದ್ದು ಅವರನ್ನು, ಹರಿಹರದ ನನ್ನ ಬೀಗರನ್ನು.