ಮಗಳ ನಿಬಂಧ, ನನ್ನ ವ್ಯಾಪಾರ

ಎತ್ತಿನ ದಲಾಲಿ ಮಾಡಿಯೇ ಮನೆ ಕಟ್ಟಿದವನು ನಾನು. ಅಥಣಿ, ಚಿಕ್ಕೋಡಿ, ರಾಯಬಾಗದ ದನದ ಪೇಟೆಗಳಲ್ಲಿ ನನಗೆ ಟೋಪಿ ಹಾಕಿದವರು ಕಡಿಮೆ. ಆದರೆ ಎಲ್ಲರ ಕಿಸೆಗೂ ಮೊಬೈಲ್ ಬಂದ ಹೊಸತರಲ್ಲಿ, ಮಗಳು ಐದನೇ ಇಯತ್ತೆಯಲ್ಲಿದ್ದಾಗ, ಒಂದು ವ್ಯಾಪಾರ ಕೆಟ್ಟಿತು. ಅದರ ಸಿಟ್ಟು ಇನ್ನೂ ಇಳಿದಿಲ್ಲ.

ಶಾಲೆಯಲ್ಲಿ ‘ನಾನು ಕಂಡ ಸಂತೆ’ ಎಂದು ನಿಬಂಧ ಬರೆಯಲು ಹೇಳಿದ್ದರು. ಹಿಂದಿನ ವಾರವಷ್ಟೇ ಅವಳು ನನ್ನ ಜೊತೆ ದನದ ಪೇಟೆಗೆ ಬಂದಿದ್ದಳು. ನಮ್ಮಲ್ಲಿ ಎತ್ತಿನ ದರ ಬಾಯಿಂದ ಹೇಳುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಕುದುರಿಸುತ್ತೇವೆ. ಅವಳು ಅದನ್ನೇ ಬರೆದಿದ್ದಳು: ‘ಅಪ್ಪನ ಬಾಯಿ ಮಳಿ ಸುದ್ದಿ ಮಾತಾಡತೈತಿ, ಬೆರಳು ಒಳಗ ಜಗಳಾ ಮಾಡತಾವ. ಎತ್ತು ಟವೆಲ್ಲನ್ನ ನೋಡತೈತಿ, ಅದಕ್ಕ ಏನೂ ಗೊತ್ತಾಗೂದಿಲ್ಲ.’

ಮಾಸ್ತರರು ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದು ಸೊನ್ನೆ ಕೊಟ್ಟಿದ್ದರು. ನೆಟ್ಟಗೆ ಶಾಲೆಗೆ ಹೋದೆ.

“ಸರ್, ಇದರಾಗ ತಪ್ಪೇನೈತ್ರಿ?”

“ಸಾಲಿಗೊಂದು ತಪ್ಪೈತ್ರಿ. ಬೋರ್ಡಿನ ಮ್ಯಾಲೆ ‘ಸಂತೆಯಲ್ಲಿ ಬದನೆಕಾಯಿ ಮಾರುತ್ತಾರೆ’ ಅಂತ ನಾನ ಬರದ ಕೊಟ್ಟಿದ್ದೆ. ನಲವತ್ತು ಮಂದಿ ಅದನ್ನ ಬರದಾರ, ನಿಮ್ಮಾಕಿ ಒಬ್ಬಾಕಿ ಎತ್ತಿನ ಪುರಾಣ ತಂದಾಳ.”

“ನಲವತ್ತು ಮಂದೀನೂ ಸಂತಿಗೆ ಹೋಗಿ ಒಂದ ಬದನಿಕಾಯಿ ನೋಡಿ ಬಂದಾರೇನ್ರಿ?”

“ಪರೀಕ್ಷಾದಾಗ ಮಾರ್ಕ್ಸ್ ಹೋದ್ರ ನೀವ ಹಾಕ್ತೀರೇನು?”

ಮಾರ್ಕ್ಸ್ ಅಂದ ಕೂಡಲೇ ನನ್ನೊಳಗಿನ ದಲಾಲಿ ಎದ್ದು ಕೂತ. ಜಗಳ ಬಿಟ್ಟು ಚೌಕಾಸಿಗೆ ಇಳಿದೆ: ಇದೊಂದು ಸಲ ಪಾಸ್ ಮಾಡಿ, ಇನ್ನು ಮುಂದೆ ಬೋರ್ಡಿನಲ್ಲಿದ್ದದ್ದನ್ನೇ ಬರೆಯುತ್ತಾಳೆ. ಇಬ್ಬರೂ ಚಹಾ ಕುಡಿದೆವು. ಸೊನ್ನೆಯ ಜಾಗದಲ್ಲಿ ಆರು ಬಂತು. ಗೆದ್ದವನ ಹಾಗೆ ಮನೆಗೆ ಬಂದು ಮಗಳಿಗೆ ಕರಾರು ಹೇಳಿದೆ.

“ಹಂಗಾರ ಎತ್ತಿನ ಸುದ್ದಿ ಬರೀಬಾರದೇನಪ್ಪಾ?” ಎಂದಳು.

“ಸದ್ಯ ಬ್ಯಾಡವ್ವಾ. ಮಾರ್ಕ್ಸ್ ಬೇಕಲ್ಲ.”

ಅವಳು ಹಟ ಮಾಡಲಿಲ್ಲ. ಮಾಡಿದ್ದರೆ ನನ್ನ ತಲೆಯೊಳಗೆ ಬೆಳಕಾದರೂ ಬೀಳುತ್ತಿತ್ತು.

ಮಕ್ಕಳಿದ್ದವರಿಗೆ ಹೇಳುತ್ತೇನೆ. ತಪ್ಪು ತಿದ್ದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎತ್ತು ಕೊಳ್ಳುವಾಗಲೂ ಮೊದಲು ನಡೆಸಿ ನೋಡುತ್ತೇವೆ, ವಯಸ್ಸು ತಿಳಿಯಲು ಹಲ್ಲು ಎಣಿಸುವುದು ಆಮೇಲೆ. ಕೂಸು ಪೂರಾ ಬರೆಯಲಿ. ಅದು ಓದಿ ಹೇಳುವುದನ್ನು ನೀವು ಕೂತು ಕೇಳಿ. ಆಮೇಲೆ ದಿನಕ್ಕೆ ನಾಲ್ಕೇ ತಪ್ಪು ಹಿಡಿದು ತಿದ್ದಿಸಿ. ಈ ಬುದ್ಧಿ ಆವತ್ತು ನನಗೂ ಇರಲಿಲ್ಲ, ಕೆಂಪು ಪೆನ್ನು ಹಿಡಿದವರಿಗೂ ಇರಲಿಲ್ಲ.

ಹತ್ತನೇ ಇಯತ್ತೆಯಲ್ಲಿ ಅವಳು ಬರೆದ ‘ನನ್ನ ತಂದೆ’ ನಿಬಂಧ ಓದಿದೆ. ಅಕ್ಷರ ಮುತ್ತಿನಂತೆ, ಹುಡುಕಿದರೂ ತಪ್ಪಿಲ್ಲ. ‘ನನ್ನ ತಂದೆಯವರು ಪ್ರತಿದಿನ ಸ್ನಾನ ಮುಗಿಸಿ ಕಚೇರಿಗೆ ತೆರಳುತ್ತಾರೆ.’

“ನಾ ಯಾವ ಕಚೇರಿಗೆ ಹೋಗ್ತೀನವ್ವಾ?”

“ಗೈಡಿನ್ಯಾಗ ಹಂಗ ಐತಪ್ಪಾ,” ಎಂದಳು. ಹತ್ತಕ್ಕೆ ಒಂಬತ್ತು ಬಿದ್ದಿತ್ತು. “ಒಂದು ಮಾರ್ಕ್ ಯಾಕ ಕಡದಾರ, ನೀನ ಬಂದು ಕೇಳು.”

ನಾನು ಹೋಗಲಿಲ್ಲ.